ದೇವರಿಗೆ ಬಿಟ್ಟ ವಿಮಾನ

ಪಾಲಯ್ಯನ ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಇಲ್ಲ. ಬಿ.ಜಿ. ಕೆರೆಯಲ್ಲಿ ಇದೊಂದು ನಗೆಯ ಮಾತು. ಮೊಮ್ಮಗಳ ನಾಮಕರಣಕ್ಕೆ ಬೀಗರು ಹೊತ್ತು ತಂದಿದ್ದ ಹೊಸ ಡಬರಿಯನ್ನು ಅವನು ಬೀಗರು ಬಸ್ಸು ಹತ್ತುವ ಮೊದಲೇ ಪಕ್ಕದ ಮನೆಗೆ ಸಾಗಹಾಕಿದ. ಹೆಂಡತಿ ಪಾಲಮ್ಮ ಸ್ಟೀಲಿನ ಪಾತ್ರೆಯಲ್ಲಿ ಮುದ್ದೆಗೆ ಎಸರಿಟ್ಟು, ತಳ ಹಿಡಿದಾಗಲೆಲ್ಲ ಬಾಗಿಲ ಕಡೆ ನೋಡಿ ಬೈಯುತ್ತಿದ್ದಳು. ಅಲ್ಯೂಮಿನಿಯಂನಿಂದ ಕಾಯಿಲೆ ಬರುತ್ತದೆಂದು ಯಾರೋ ಡಾಕ್ಟರು ಹೇಳಿರಬೇಕು ಎಂದು ಓದಿದವರು ಊಹಿಸಿದರು. ಬೆಂಗಳೂರಿನಲ್ಲಿ ಇದ್ದು ಬಂದವನಿಗೆ ಸ್ಟೀಲಿನ ಗತ್ತು ಎಂದು ಓದದವರು ಊಹಿಸಿದರು. ಊಹೆಗೇನು, ಕಾಸು ಖರ್ಚಿಲ್ಲ. ನಡೆದದ್ದು ಬೇರೆ.

ಪಾಲಯ್ಯ ಹುಟ್ಟಿದ್ದು ಕಿಲಾರಿಗಳ ಮನೆಯಲ್ಲಿ. ದನ ಸಾಕುವ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರೆತ್ತುಗಳ ಹಿಂಡು ಇರುತ್ತದೆ. ಅದನ್ನು ಕಾಯುವವನು ಕಿಲಾರಿ. ದೇವರೆತ್ತು ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ, ಸಂತೆಯ ಮುಖ ಕಾಣುವುದಿಲ್ಲ. ಕರುವಿದ್ದಾಗಲೇ ಅರಿಶಿನ ಹಚ್ಚಿ, ಕೊರಳಿಗೆ ಕರಿ ಉಣ್ಣೆಯ ದಾರ ಕಟ್ಟಿ ದೇವರಿಗೆ ಬಿಟ್ಟರೆಂದರೆ ಮುಗಿಯಿತು, ಆಮೇಲೆ ಅದರ ಮೇಲೆ ಯಾರೂ ಕೈ ಎತ್ತುವಂತಿಲ್ಲ. ಅವುಗಳ ರೊಪ್ಪದೊಳಗೆ ಹೋಗುವವರು ಎಂಥ ದೊಡ್ಡ ಮನುಷ್ಯರಾದರೂ ಮುಳ್ಳುಬೇಲಿಯ ಹೊರಗೇ ಚಪ್ಪಲಿ ಬಿಡಬೇಕು. ಎತ್ತು ಮುದಿಯಾಗಿ ಸತ್ತರೆ ಚರ್ಮ ಸುಲಿಯುವಂತಿಲ್ಲ, ಕೊಂಬು ಮುರಿಯುವಂತಿಲ್ಲ. ಕಿಲಾರಿ ತನ್ನ ಕೈಯಾರೆ ಕೊರಳ ದಾರ ಬಿಚ್ಚುತ್ತಾನೆ. ಆಮೇಲೆ ಇಡೀ ಎತ್ತನ್ನು ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ.

ಕಿಲಾರಿಕೆ ಹಿರಿಮಗ ಬೋರಣ್ಣನಿಗೆ ಹೋಯಿತು. ಕಿರಿಯವನಾದ ಪಾಲಯ್ಯ, ವಿಮಾನ ಇಳಿಯುವ ದಾರಿಗೆ ಜಲ್ಲಿ ಹಾಸಲು ಆಳು ಬೇಕೆಂದು ಚಳ್ಳಕೆರೆಗೆ ಬಂದಿದ್ದ ಕಂಟ್ರಾಕ್ಟರನ ಲಾರಿ ಹತ್ತಿ ಬೆಂಗಳೂರಿಗೆ ಹೋದ. ಜಲ್ಲಿ ಹಾಸಿದ್ದು ಮುಗಿದರೂ ಅವನು ವಾಪಸು ಬರಲಿಲ್ಲ. ಸರ್ಕಾರಿ ವಿಮಾನ ಕಂಪನಿಯಲ್ಲಿ ವಿಮಾನ ತೊಳೆಯುವ ಕೆಲಸ ಸಿಕ್ಕಿತು. ತೊಳೆಯುವುದರ ಜೊತೆಗೆ ಗಾಲಿಗೆ ದಿಮ್ಮಿ ಇಡುವ ಕೆಲಸವೂ ಬಂತು. ವಿಮಾನ ಬಂದು ನಿಂತ ಕೂಡಲೇ ಅದು ಜರುಗದಂತೆ ಗಾಲಿಯ ಹಿಂದೆ ಮುಂದೆ ಮರದ ದಿಮ್ಮಿ ತಳ್ಳಬೇಕು. ಹೊರಡುವಾಗ ಅವನ್ನು ಎಳೆದುಕೊಂಡು, ಪಕ್ಕಕ್ಕೆ ಸರಿದು ನಿಂತು, ಪೈಲಟ್ಟಿಗೆ ಕಾಣುವಂತೆ ಹೆಬ್ಬೆರಳು ಎತ್ತಿ ತೋರಿಸಬೇಕು. ಪೈಲಟ್ಟೂ ಮೇಲಿನಿಂದ ಹೆಬ್ಬೆರಳು ಎತ್ತುತ್ತಾನೆ. ಅಷ್ಟಾದ ಮೇಲೆಯೇ ವಿಮಾನ ಮಿಸುಕುವುದು. ಊರಿಗೆ ಬಂದಾಗ ಪಾಲಯ್ಯ ಇದನ್ನು ಹೇಳುತ್ತಿದ್ದ ರೀತಿ ಕೇಳಿದರೆ, ವಿಮಾನ ಹಾರುತ್ತಿದ್ದದ್ದು ಇವನ ಹೆಬ್ಬೆರಳಿನಿಂದಲೇ ಅನ್ನಬೇಕು.

ಅವನು ಸೇರಿದ ಹೊಸದರಲ್ಲಿ ಕಂಪನಿಗೆ ಹೊಸದೊಂದು ವಿಮಾನ ಬಂತು. ಬಿಳಿ ಮೈ, ಬಾಲದ ಮೇಲೊಂದು ಕೆಂಪು ಪಟ್ಟಿ. ಅಧಿಕಾರಿಗಳು ಹಾರ ಹಾಕಿದರು, ಕಾಯಿ ಒಡೆಯುವ ಹೊತ್ತಿಗೆ ಸಾಹೇಬರ ಕೈಯಲ್ಲಿ ಅದು ಒಡೆಯಲೇ ಇಲ್ಲ. ಕೊನೆಗೆ ಪಾಲಯ್ಯನನ್ನು ಕರೆದರು, ಅವನು ಒಂದೇ ಏಟಿಗೆ ಒಡೆದ. ರೊಪ್ಪದಲ್ಲಿ ಪ್ರತಿ ಎತ್ತಿಗೂ ಬಣ್ಣ ನೋಡಿ ಹೆಸರಿಡುವುದು ವಾಡಿಕೆ. ಆ ವಾಡಿಕೆಯಂತೆ ಅವನು ಅದನ್ನು ಬಿಳಿಯ ಎಂದು ಕರೆದ. ಅಂದಿನಿಂದ ಬಿಳಿಯ ಯಾವ ಊರಿನಿಂದ ಬಂದಿಳಿದರೂ ಇವನು ಅದರ ಹೊಟ್ಟೆಯ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿಯೇ ದಿಮ್ಮಿ ತಳ್ಳುತ್ತಿದ್ದ.

ಆಗಿನ ಕಾಲದಲ್ಲಿ ಆ ಕಂಪನಿ ಬಿಟ್ಟರೆ ಬೇರೆ ವಿಮಾನವಿರಲಿಲ್ಲ, ಹತ್ತುವವರು ಕೈಕಟ್ಟಿ ನಿಲ್ಲುತ್ತಿದ್ದರು. ತೊಂಬತ್ತರ ಆಚೆಗೆ ಖಾಸಗಿಯವರು ಬಂದರು. ಅವರ ವಿಮಾನ ಹೊಸದು, ಬಟ್ಟೆ ಹೊಸದು, ನಗುವೂ ಹೊಸದು. ಸರ್ಕಾರಿ ಪೈಲಟ್ಟುಗಳು ಒಬ್ಬರ ಹಿಂದೆ ಒಬ್ಬರು ಆ ಕಡೆ ಜಾರಿದರು, ಒಳ್ಳೆಯ ಇಂಜಿನಿಯರುಗಳು ದುಬೈಗೆ ಹಾರಿದರು. ಇತ್ತ ಹೊಸ ವಿಮಾನ ಕೊಳ್ಳುವ ಫೈಲು ಡೆಲ್ಲಿಗೆ ಹೋಯಿತು. ಹೋದ ಫೈಲು ಒಂದು ಸರ್ಕಾರ ಬೀಳುವುದನ್ನು ಕಂಡಿತು, ಇನ್ನೊಂದು ಬರುವುದನ್ನು ಕಂಡಿತು, ಕಮಿಟಿಗಳನ್ನು ಕಂಡಿತು. ಬೆಂಗಳೂರಿಗೆ ಮಾತ್ರ ವಾಪಸು ಬರಲಿಲ್ಲ. ಯಾರೂ ಹತ್ತದ ಊರಿಗೆ ವಿಮಾನ ಬಿಡಿ ಎಂದು ಎಂ.ಪಿ.ಗಳ ಒತ್ತಾಯ ಬೇರೆ. ಅಲ್ಲಿಗೆ ಹೋಗಿ ಬರುವ ಎಣ್ಣೆಯ ಖರ್ಚಿಗೆ ಕಂಪನಿ ಮತ್ತೆ ಡೆಲ್ಲಿಯ ಕಡೆಗೇ ಕೈಯೊಡ್ಡಬೇಕಿತ್ತು. ಸಾಕುವವನಿಗೆ ಮೇವಿನ ಯೋಚನೆ, ಏರಿ ಕೂತವನಿಗೆ ಮೆರವಣಿಗೆಯ ಯೋಚನೆ.

ವಿಮಾನಗಳಿಗೆ ವಯಸ್ಸಾಯಿತು. ಬಿಡಿಭಾಗ ಬೇಕೆಂದರೆ ಅವನ್ನು ಮಾಡುತ್ತಿದ್ದ ಕಾರ್ಖಾನೆಯೇ ಮಾಡುವುದನ್ನು ಬಿಟ್ಟಿತ್ತು. ಆಗ ಉಳಿದದ್ದು ಒಂದೇ ದಾರಿ. ಕೆಟ್ಟು ನಿಂತದ್ದರಿಂದ ಕಿತ್ತು ಹಾರುವುದಕ್ಕೆ ಹಾಕುವುದು. ಒಂದು ಮಳೆಗಾಲ ಬಿಳಿಯ ಕೆಟ್ಟು ಷೆಡ್ಡಿನ ಮೂಲೆ ಸೇರಿತು. ರಿಪೇರಿಗೆ ದುಡ್ಡಿಲ್ಲವೆಂದು ಅಲ್ಲೇ ಉಳಿಯಿತು. ಮೊದಲು ಅದರ ಇಂಜಿನು ಹೋಯಿತು. ಆಮೇಲೆ ಪೈಲಟ್ಟಿನ ಮುಂದಿನ ಯಂತ್ರದ ಡಬ್ಬಿಗಳು, ಬ್ರೇಕು, ಸೀಟು, ಕಡೆಗೆ ಕಕ್ಕಸಿನ ಬಾಗಿಲ ಚಿಲಕವೂ ಹೋಯಿತು.

ಒಂದು ಬೆಳಿಗ್ಗೆ ಹೆಚ್ಚು ಜನ ಮುಷ್ಕರದಲ್ಲಿದ್ದರು. ಹೊರಡಬೇಕಿದ್ದ ವಿಮಾನಕ್ಕೆ ಒಂದು ಸಣ್ಣ ಮೋಟಾರು ಬೇಕಾಗಿತ್ತು. ಇಂಜಿನಿಯರು ಪಾಲಯ್ಯನ ಕೈಗೆ ಸ್ಪ್ಯಾನರು ಕೊಟ್ಟು, ಮೂಲೆಯ ಬಿಳಿಯನಿಂದ ಬಿಚ್ಚಿಕೊಂಡು ಬಾ ಎಂದ.

“ನಾನು ಮುಟ್ಟಲ್ಲ ಸಾರ್” ಎಂದ ಪಾಲಯ್ಯ.

“ಯಾಕಯ್ಯಾ?”

“ತೊಳಿ ಅಂದ್ರೆ ತೊಳೀತೀನಿ. ಸುಲಿ ಅಂದ್ರೆ ಆಗಲ್ಲ.”

ಇಂಜಿನಿಯರಿಗೆ ಇದರ ತಲೆಬುಡ ತಿಳಿಯಲಿಲ್ಲ. ಅಂದು ಆ ವಿಮಾನ ಹೊರಡಲಿಲ್ಲ. ಹತ್ತಬೇಕಿದ್ದ ಜನರಲ್ಲಿ ಒಬ್ಬ ಬಂದು ಎದುರಿಗೆ ಸಿಕ್ಕ ಪಾಲಯ್ಯನ ಕೊರಳಪಟ್ಟಿಯನ್ನೇ ಹಿಡಿದ. ಮಾತು ಕೇಳದ್ದಕ್ಕೆ ಅವನನ್ನು ವಿಮಾನದಿಂದ ಬಿಡಿಸಿ ಪೆಟ್ಟಿಗೆ ಹೊರುವ ಕಡೆಗೆ ಹಾಕಿದರು. ಆ ಶಿಕ್ಷೆಯಲ್ಲಿ ನ್ಯಾಯವಿರಲಿಲ್ಲ ಎನ್ನಲಾಗದು. ಹಾರಬೇಕಾದ ವಿಮಾನಕ್ಕೆ ಮೋಟಾರು ಬೇಕೇ ಬೇಕಿತ್ತು. ಆದರೆ ಪಾಲಯ್ಯನ ಕೈ ಆ ಕೆಲಸಕ್ಕೆ ಬಗ್ಗುವ ಕೈಯಲ್ಲ, ಅಷ್ಟೇ.

ಕೊನೆಗೆ ಕಂಪನಿ ಜನರನ್ನೂ ಕಳಚತೊಡಗಿತು. ಸ್ವಯಂ ನಿವೃತ್ತಿ ಎಂದು ಅದಕ್ಕೆ ಹೆಸರು. ಸ್ವಯಂ ಎನ್ನುವುದು ಎಷ್ಟು ಮಟ್ಟಿಗೆ ಸ್ವಯಂ ಎಂದು ತೆಗೆದುಕೊಂಡವರಿಗೇ ಗೊತ್ತು. ಪಾಲಯ್ಯ ತೆಗೆದುಕೊಂಡು ಬಿ.ಜಿ. ಕೆರೆಗೆ ಬಂದು, ಇರುವ ಹೊಲದಲ್ಲಿ ಶೇಂಗಾ ಹಾಕಿ, ಸಂಜೆಯಾದರೆ ಅಣ್ಣನ ರೊಪ್ಪದ ಹತ್ತಿರ ಹೋಗಿ ಕೂರತೊಡಗಿದ.

ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿ ಮಹಾಂತೇಶನ ಎಣ್ಣೆ ಮಿಲ್ಲು ನಿಂತಿತ್ತು. ಹೊರದೇಶದ ಅಗ್ಗದ ಎಣ್ಣೆ ಬಂದ ಮೇಲೆ ಶೇಂಗಾ ಎಣ್ಣೆ ಕೇಳುವವರಿಲ್ಲ. ಅಪ್ಪ ಕಟ್ಟಿದ ಮಿಲ್ಲನ್ನು ಏನು ಮಾಡುವುದೆಂದು ತೋಚದೆ ಅವನ ತಲೆಗೆ ಬೇರೊಂದು ಹುಳ ಹೊಕ್ಕಿತು. ಬಳ್ಳಾರಿ ರಸ್ತೆಯಲ್ಲಿ ಅವನದೊಂದು ಖಾಲಿ ಜಾಗವಿತ್ತು. ಅಲ್ಲಿ ಒಂದು ವಿಮಾನ ತಂದು ನಿಲ್ಲಿಸಿ, ಅದರ ಹೊಟ್ಟೆಯೊಳಗೆ ಹೋಟೆಲು ಮಾಡುವುದು. ಸರ್ಕಾರಿ ಕಂಪನಿ ಹಳೆಯ ವಿಮಾನಗಳನ್ನು ಹರಾಜು ಹಾಕುತ್ತಿತ್ತು. ಹೋಗಿ ಒಂದನ್ನು ಹಿಡಿದೇಬಿಟ್ಟ.

ರೆಕ್ಕೆ ಒಂದು ಲಾರಿಯಲ್ಲಿ, ಮೈ ಒಂದು ಲಾರಿಯಲ್ಲಿ, ಹಿರಿಯೂರಿನ ದಾರಿಯಾಗಿ ವಿಮಾನ ಬಂತು. ದಾರಿಯುದ್ದಕ್ಕೂ ಕರೆಂಟಿನ ತಂತಿಗಳನ್ನು ಕೋಲಿನಿಂದ ಎತ್ತಿ ಹಿಡಿದರು. ನೋಡಲು ಹೋದ ಜನರಲ್ಲಿ ಪಾಲಯ್ಯನೂ ಇದ್ದ. ಬಾಲದ ಮೇಲಿನ ಕೆಂಪು ಪಟ್ಟಿ ಕಂಡದ್ದೇ ಅವನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಬಿಳಿಯನೇ. ಅವನಿಗೆ ಅಳು ಬಂತು, ಅತ್ತ. ಜನ ಕಣ್ಣಿಗೆ ಧೂಳು ಬಿತ್ತು ಎಂದುಕೊಂಡರು.

ಮಹಾಂತೇಶ ಇವನ ಕಥೆ ಕೇಳಿ, ಇಂಥವನೇ ಬೇಕು ಎಂದು ಕೆಲಸ ಕೊಟ್ಟ. ಪಾಲಯ್ಯ ಒಂದೇ ಮಾತು ಕೇಳಿದ.

“ಇದನ್ನ ಕೊಯ್ಯಲ್ಲ ತಾನೇ ಸಾವ್ಕಾರ್ರೆ?”

“ಕೊಯ್ಯಾಕೆ ಇಷ್ಟು ಕಷ್ಟಪಟ್ಟು ತರ್ತಾರೇನೋ ಪಾಲಣ್ಣ? ಇದು ಇಲ್ಲೇ ಇರ್ತೈತೆ.”

ಗಾಲಿಗಳನ್ನು ಸಿಮೆಂಟಿನಲ್ಲಿ ಹೂತಿದ್ದರು, ಮಿಸುಕುವ ಮಾತೇ ಇರಲಿಲ್ಲ. ಆದರೂ ಪಾಲಯ್ಯ ಜಾಲಿಮರದ ದಿಮ್ಮಿ ಕೊಯ್ಯಿಸಿ ತಂದು ಗಾಲಿಗಳ ಹಿಂದೆ ಮುಂದೆ ಇಟ್ಟ. ದಿನಾ ಬೆಳಿಗ್ಗೆ ಬರಿಗಾಲಲ್ಲಿ ವಿಮಾನ ತೊಳೆದ. ಮೊದಲ ಕೆಲವು ತಿಂಗಳು ಮೊಳಕಾಲ್ಮೂರಿನಿಂದ ಸೀರೆ ಕೊಂಡು ಬರುವ ಕಾರುಗಳು, ಗೌರಸಮುದ್ರದ ಮಾರಮ್ಮನಿಗೆ ಹೋಗುವ ಟ್ರ್ಯಾಕ್ಟರುಗಳು ಎಲ್ಲವೂ ಅಲ್ಲಿ ನಿಂತವು. ಆಮೇಲೆ ಬೇಸಿಗೆ ಬಂತು. ಚಳ್ಳಕೆರೆಯ ಬಿಸಿಲಿಗೆ ಆ ಲೋಹದ ಹೊಟ್ಟೆ ರೊಟ್ಟಿ ಹೆಂಚಿನಂತೆ ಕಾಯಿತು. ಒಳಗೆ ಕೂತವರು ಬೆವರಿ, ದೋಸೆ ಬಿಟ್ಟು ಎದ್ದು ಬಂದರು. ತಂಪು ಮಾಡುವ ಯಂತ್ರಕ್ಕೆ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ಲು ಹಾಕಿ ಪೂರೈಸುವುದಿಲ್ಲ. ಜನ ವಿಮಾನದ ಮುಂದೆ ಫೋಟೋ ತೆಗೆಸಿಕೊಂಡು, ರಸ್ತೆಯಾಚೆಯ ಗರಿ ಚಪ್ಪರದ ಹೋಟೆಲಿಗೆ ಊಟಕ್ಕೆ ಹೋದರು. ಸರ್ಕಾರ ಹತ್ತಾರು ವರ್ಷ ತೆಗೆದುಕೊಂಡು ಮಾಡಿದ್ದನ್ನು ಮಹಾಂತೇಶ ಮೂರೇ ಬೇಸಿಗೆಯಲ್ಲಿ ಮಾಡಿ ಮುಗಿಸಿದ.

ಗುಜರಿಯವರು ಬಂದು ವಿಮಾನಕ್ಕೆ ಬಡಿದು ನೋಡಿ ಹೋದ ದಿನವೇ ಪಾಲಯ್ಯನಿಗೆ ತಿಳಿಯಿತು. ಕೊಯ್ಯುವುದಿಲ್ಲವೆಂದು ಕೊಟ್ಟಿದ್ದ ಮಾತನ್ನು ಅವನು ಮಹಾಂತೇಶನಿಗೆ ನೆನಪಿಸಿದ. ಮಹಾಂತೇಶ ತಲೆ ತಗ್ಗಿಸಿ, “ನಾನೇ ಉಳಿಯೋದು ಕಷ್ಟ ಐತಣ್ಣ, ವಿಮಾನ ಎಲ್ಲಿ ಉಳಿಸ್ಲಿ” ಎಂದ. ಅದೂ ಸುಳ್ಳಲ್ಲ.

ಮಾರನೆಯ ಬೆಳಿಗ್ಗೆ ಗ್ಯಾಸಿನ ಕಟ್ಟರು ಹಿಡಿದು ಕೂಲಿಯವರು ಬಂದು ನೋಡಿದರೆ, ವಿಮಾನದ ಮೂತಿಗೆ ಕೈ ಎಟುಕುವಷ್ಟು ಎತ್ತರಕ್ಕೆ ಅರಿಶಿನ ಬಳಿದಿತ್ತು. ಮುಂದಿನ ಗಾಲಿಯ ಕಂಬಕ್ಕೆ ಕರಿ ಉಣ್ಣೆಯ ದಾರ ಕಟ್ಟಿತ್ತು. ಒಡೆದ ಕಾಯಿಯ ಹೋಳು, ಹಾಸಿದ ಕಂಬಳಿ. ಪಕ್ಕದಲ್ಲಿ ಪಾಲಯ್ಯ ಬರಿಗಾಲಲ್ಲಿ ನಿಂತಿದ್ದ.

“ದೇವರಿಗೆ ಬಿಟ್ಟೀನಿ” ಎಂದ. “ಮುಟ್ಟೋದು ಬಿಡೋದು ನಿಮಗೆ ಬಿಟ್ಟಿದ್ದು.”

ಕೂಲಿಯವರು ಬೇರೆ ಜಿಲ್ಲೆಯವರಾಗಿದ್ದರೆ ನಕ್ಕು ಕೆಲಸ ಶುರು ಮಾಡುತ್ತಿದ್ದರು. ಅವರೆಲ್ಲ ಸುತ್ತಲ ಹಟ್ಟಿಗಳವರು. ಒಬ್ಬರ ಮುಖ ಒಬ್ಬರು ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು, ಕಟ್ಟರನ್ನು ವಾಪಸು ಟೆಂಪೋಗೆ ಹಾಕಿದರು. ಗುಜರಿಯವರು ಹಿರಿಯೂರಿನಿಂದ ಬೇರೆ ಆಳು ಕರೆಸುತ್ತೇವೆಂದರೆ, ಟೆಂಪೋದವನೇ ಬರುವುದಿಲ್ಲವೆಂದ. ಮಹಾಂತೇಶನಿಗೆ ವಿಮಾನ ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವಾಯಿತು. ಹಾರುವುದಿಲ್ಲ, ಗಳಿಸುವುದಿಲ್ಲ, ಮಾರುವಂತಿಲ್ಲ, ಮುರಿಯುವಂತಿಲ್ಲ, ಕಾಯುವುದು ಮಾತ್ರ ತಪ್ಪುವಂತಿಲ್ಲ. ಡೆಲ್ಲಿಯವರ ಸಂಕಟ ಅವನಿಗೆ ಆಗ ಅರ್ಥವಾಯಿತು.

ಇದನ್ನು ಬಿಡಿಸಬಲ್ಲವನು ಒಬ್ಬನೇ. ಮಹಾಂತೇಶ ಪಾಲಯ್ಯನನ್ನೇ ಕರೆದುಕೊಂಡು ಕಿಲಾರಿ ಬೋರಣ್ಣನ ರೊಪ್ಪಕ್ಕೆ ಹೋದ. ಬೂಟು ಬೇಲಿಯಾಚೆ ಬಿಟ್ಟು, ಜಾಲಿಮುಳ್ಳು ತಪ್ಪಿಸಿಕೊಂಡು, ಕಾಲು ಸುಟ್ಟುಕೊಳ್ಳುತ್ತ ಒಳಗೆ ಬಂದ ಸಾವುಕಾರನನ್ನು ನೋಡಿ ಬೋರಣ್ಣ ನಗಲಿಲ್ಲ. ಮುದಿಯಾಗಿ ಮಲಗಿದ್ದ ಒಂದು ಎತ್ತಿಗೆ ಕೈಯಿಂದ ಹುಲ್ಲು ತಿನ್ನಿಸುತ್ತಲೇ ಇಬ್ಬರ ಮಾತನ್ನೂ ಕೇಳಿದ.

“ಕೊಯ್ಯಲ್ಲ ಅಂತ ಮಾತು ಕೊಟ್ಟಿದ್ದು ನಿಜಾನೇನ್ರಿ?” ಎಂದು ಮೊದಲು ಮಹಾಂತೇಶನನ್ನು ಕೇಳಿದ.

“ನಿಜ.”

“ಅದು ನಿಮ್ಮ ತಪ್ಪು.” ತಮ್ಮನ ಕಡೆ ತಿರುಗಿದ. “ಲೇ ಪಾಲ, ದೇವರಿಗೆ ಬಿಡಬೇಕಾದ್ರೆ ತನ್ನದನ್ನ ಬಿಡಬೇಕು. ಇದು ನಿಂದಾ?”

“ಸರ್ಕಾರದ್ದು ಇತ್ತಣ್ಣ. ಸರ್ಕಾರದ್ದು ಅಂದ್ರೆ ಎಲ್ಲಾರ್ದೂ. ನಂದೂ ಒಂದು ಪಾಲು ಇರ್ಲಿಲ್ವಾ? ಅದು ಬಂದ ದಿನ ಕಾಯಿ ಒಡೆದೋನು ನಾನು. ಅವತ್ತೇ ಬಿಟ್ಟಂಗಾತು.”

“ಬಸ್ಸು ತಂದ್ರೂ ಕಾಯಿ ಒಡೀತಾರೆ, ಲಾರಿ ತಂದ್ರೂ ಒಡೀತಾರೆ. ಅದು ದುಡೀಲಿ ಅಂತ ಒಡೆಯೋ ಕಾಯಿ. ಬಿಡಾಕೆ ಒಡೆಯೋದಲ್ಲ.” ಬೋರಣ್ಣ ಇನ್ನೊಂದು ಹಿಡಿ ಹುಲ್ಲು ತೆಗೆದುಕೊಂಡ. “ದುಡೀತಾ ಅದು?”

ಇಲ್ಲ ಎಂದಿದ್ದರೆ ಪಾಲಯ್ಯ ಗೆಲ್ಲುತ್ತಿದ್ದನೋ ಏನೋ. ಆದರೆ ಆ ಒಂದು ಸುಳ್ಳು ಅವನ ಬಾಯಲ್ಲಿ ಬರುವಂಥದಲ್ಲ.

“ದುಡೀತಣ್ಣ” ಎಂದ. “ಕೆಡೋತನಕ ಒಂದು ದಿನಾ ಕೂತಿದ್ದಿಲ್ಲ. ಮಳೇಲಿ, ಮಂಜಲ್ಲಿ, ಮುಷ್ಕರದಲ್ಲಿ. ಇಂಜಿನು ನೋಯ್ತಿದ್ರೂ ಹಾರ್ತಿತ್ತು.”

“ಅಂಗಾದ್ರೆ ದೇವರೆತ್ತು ಹೆಂಗಾಗ್ತೈತೆ ಕಣಪ್ಪ? ದೇವರೆತ್ತು ದುಡಿಯಲ್ಲ. ದುಡಿದಿದ್ದು ನಮ್ಮ ನಿಮ್ಮಂಗೆ ಆಳು. ನೀನು ಅದನ್ನ ದೊಡ್ಡದು ಮಾಡಾಕೆ ಹೋಗಿ ಅದರ ದುಡಿಮೆ ಇಲ್ಲ ಅನ್ನಿಸ್ತಿದೀಯ.”

ಹಿಂಡು ಸುತ್ತ ಮೆಲುಕು ಹಾಕುತ್ತಿತ್ತು. ಮಹಾಂತೇಶ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ತೀರ್ಪು ಬಯಸಿ ಬಂದವನಿಗೆ ಇಲ್ಲಿ ಹಾವು ಯಾವುದು ಕೋಲು ಯಾವುದು ಎಂಬುದೇ ಮರೆತುಹೋಯಿತು.

“ದುಡಿದ ಎತ್ತು ಸತ್ರೆ ಸುಲೀತಾರೆ” ಎಂದ ಬೋರಣ್ಣ. “ಅದು ತಪ್ಪಲ್ಲ. ಆದ್ರೆ ದಾರ ಕಟ್ಟಿದೋನು ನೀನು, ನೀನೇ ಬಿಚ್ಚಬೇಕು. ಬ್ಯಾರೆ ಯಾರೂ ಬಿಚ್ಚಂಗಿಲ್ಲ. ನೀನು ಬಿಚ್ಚೋತನಕ ಸಾವ್ಕಾರ್ರು ಕಾಯ್ತಾರೆ. ಒಂದು ವರ್ಷ ಆದ್ರೂ ಕಾಯ್ತಾರೆ. ಮಾತು ತಪ್ಪಿದ್ದಕ್ಕೆ ಅದು.”

ಮಹಾಂತೇಶ ತಲೆಯಾಡಿಸಿದ. ಬೇರೆ ದಾರಿಯೂ ಇರಲಿಲ್ಲ.

ವರ್ಷವೇನೂ ಹಿಡಿಯಲಿಲ್ಲ. ಅಂದು ರೊಪ್ಪದಿಂದ ಮನೆಗೆ ಬಂದ ಪಾಲಯ್ಯ ಊಟ ಮಾಡಿ ಮಲಗಿದ. ಬೆಳಿಗ್ಗೆ ಎದ್ದವನೇ ಟ್ರಂಕಿನಿಂದ ಕಂಪನಿಯ ಖಾಕಿ ಅಂಗಿ ತೆಗೆದು ಹಾಕಿಕೊಂಡ. ಗುಂಡಿಗಳು ಹೊಟ್ಟೆಯ ಹತ್ತಿರ ಸೇರಲಿಲ್ಲ. ಪಾಲಮ್ಮ ಎಲ್ಲಿಗೆ ಎಂದು ಕೇಳಿದರೆ, “ಡ್ಯೂಟಿ ಐತೆ” ಎಂದ.

ತೀರ್ಪಿನ ಸುದ್ದಿ ಕೇಳಿ ಕೂಲಿಯವರೂ ಮಹಾಂತೇಶನೂ ಮೊದಲೇ ಬಂದು ದೂರದಲ್ಲಿ ಕೂತಿದ್ದರು. ಪಾಲಯ್ಯ ಬಕೆಟ್ಟಿನಲ್ಲಿ ನೀರು ತಂದು ಮೂತಿಯ ಅರಿಶಿನ ತೊಳೆದ. ಅದಾದ ಮೇಲೆ ಇನ್ನೊಂದಿಷ್ಟು ನೀರು ತಂದು ಇಡೀ ಹೊಟ್ಟೆಯನ್ನೂ ತೊಳೆದ. ಈ ಹೊತ್ತಿಗೆ ತೊಳೆದೇನು ಲಾಭ ಎಂದು ಯಾರೂ ಕೇಳಲಿಲ್ಲ. ಆಮೇಲೆ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕರಿ ದಾರ ಬಿಚ್ಚಿದ. ಗಂಟು ಅವನೇ ಹಾಕಿದ್ದು, ಆದರೂ ಬಿಚ್ಚಲು ತಡವಾಯಿತು. ದಾರವನ್ನು ಜೇಬಿಗೆ ಹಾಕಿಕೊಂಡು ಜಾಲಿಮರದ ದಿಮ್ಮಿಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಒಯ್ದ. ಪೈಲಟ್ಟು ಕೂರುವ ಕಿಟಕಿಗೆ ಕಾಣುವ ಜಾಗದಲ್ಲಿ ನೆಟ್ಟಗೆ ನಿಂತ. ಬಲಗೈ ಎತ್ತಿ ಹೆಬ್ಬೆರಳು ತೋರಿಸಿದ.

ಮೇಲೆ ಯಾರೂ ಇರಲಿಲ್ಲ. ಇಲ್ಲವೆಂದು ಅವನಿಗೂ ಗೊತ್ತು. ಆದರೆ ಮೇಲಿನಿಂದ ಉತ್ತರ ಬರದೆ ಕೈ ಇಳಿಸುವುದು ಆ ಕೆಲಸದಲ್ಲಿ ಇಲ್ಲ. ಅವನು ಹಾಗೇ ನಿಂತ. ಬಿಸಿಲೇರುತ್ತಿತ್ತು. ಕೂಲಿಯವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಮಹಾಂತೇಶ ಬೂಟು ಬಿಟ್ಟು, ಏಣಿ ಹತ್ತಿ ಒಳಗೆ ಹೋದ. ಸೀಟಿಲ್ಲದ ಜಾಗದಲ್ಲಿ ಬಗ್ಗಿ ನಿಂತು, ಗಾಜು ಒಡೆದ ಆ ಕಿಟಕಿಯಿಂದ ತನ್ನ ಹೆಬ್ಬೆರಳು ಎತ್ತಿ ತೋರಿಸಿದ.

ಪಾಲಯ್ಯ ಕೈ ಇಳಿಸಿದ. ಕೆಲಸ ಶುರುವಾಯಿತು. ಮುಗಿಯುವವರೆಗೂ ಅವನು ಅಲ್ಲೇ ಇದ್ದ.

ಆ ಲೋಹ ಎಲ್ಲಿ ಹೋಗಿ ಏನಾಯಿತು ಎಂದು ಅವನು ಗುಜರಿಯವರನ್ನು ಕೇಳಿದ್ದು ಒಂದೇ ಸಲ. ಅಲ್ಯೂಮಿನಿಯಂ ಅಲ್ವಾ, ಕರಗಿಸಿ ಪಾತ್ರೆ ಮಾಡ್ತಾರೆ ಚಾಚಾ, ಎಂದರು ಅವರು. ಪಾಲಯ್ಯ ಮನೆಗೆ ಬಂದು, ಇದ್ದ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಅಂದೇ ಹೊರಗಿಟ್ಟ. ಹೆಂಡತಿಗೆ ಕಾರಣ ಹೇಳಲಿಲ್ಲ. ಅವಳು ಬೈಯುವುದನ್ನು ಬಿಡಲಿಲ್ಲ, ಇವನು ಬಾಯಿ ಬಿಡಲಿಲ್ಲ.

ನಾಮಕರಣದ ಡಬರಿ ಪಕ್ಕದ ಮನೆಗೆ ಹೋದ ದಿನ ಮಾತ್ರ ಪಾಲಮ್ಮ ಪಟ್ಟು ಹಿಡಿದಳು. ಬೀಗರ ಮುಂದೆ ಮಾನ ಹೋಯಿತೆಂದು ಅವಳಿಗೆ ನಿಜವಾಗಿ ನೋವಾಗಿತ್ತು. “ಇವತ್ತು ಹೇಳಿದ್ರೇ ಸೈ. ಏನ್ ಮಾಡೈತೆ ಆ ಪಾತ್ರೆ?”

ಪಾಲಯ್ಯ ಗೋಡೆಗೊರಗಿ ಕೂತಿದ್ದ.

“ನಿಮ್ಮಪ್ಪ ಉಳೋ ಎತ್ತು ಸಾಕಿದ್ದ” ಎಂದ. “ಸತ್ತಾಗ ಸುಲಿಯಾಕೆ ಕೊಡ್ತಿದ್ದ. ಆ ಚರ್ಮದ ಕೆರ ನಿಮ್ಮಪ್ಪ ಯಾವತ್ತಾದ್ರೂ ಮೆಟ್ಟಿದ್ದು ನೋಡೀಯಾ?”

ಪಾಲಮ್ಮ ಯೋಚಿಸಿ ನೋಡಿದಳು. ಅವಳಪ್ಪ ಎತ್ತು ಸತ್ತ ವರ್ಷ ಪೂರಾ ಬರಿಗಾಲಲ್ಲೇ ಹೊಲಕ್ಕೆ ಹೋಗುತ್ತಿದ್ದದ್ದು ನೆನಪಾಯಿತು, ವಿಮಾನ ಕೊಯ್ದ ಮೇಲೆಯೇ ಪಾತ್ರೆಗಳು ಹೊರಬಿದ್ದದ್ದೂ. ಒಳಗೆ ಹೋದಳು.

ಮುಂದಿನ ವಾರ ಸೈಕಲ್ಲಿನ ತುಂಬ ಡಬರಿ, ತಪ್ಪಲೆ ಕಟ್ಟಿಕೊಂಡು ಪಾತ್ರೆಯವನು ಬಂದ. ಹಳೇ ಬಟ್ಟೆಗೆ ಹೊಸ ಪಾತ್ರೆ ಎಂದು ಕೂಗಿ ಬಾಗಿಲಲ್ಲೇ ನಿಂತ. ಅವನ ಕೈಯಲ್ಲಿ ಬೆಳ್ಳಗೆ ಹೊಳೆಯುವ ಒಂದು ತಪ್ಪಲೆಯಿತ್ತು. ಪಾಲಯ್ಯ ಎದ್ದು ನಿಲ್ಲುವಷ್ಟರಲ್ಲಿ ಪಾಲಮ್ಮನೇ ಹೊರಗೆ ಬಂದು ಆ ತಪ್ಪಲೆಯನ್ನು ಕೈಗೆ ತೆಗೆದುಕೊಂಡಳು. ಅದರ ಹೊಟ್ಟೆಯ ಮೇಲೆ ಒಂದು ಸಲ ಅಂಗೈ ಇಟ್ಟು ನೋಡಿ, ಜೋಪಾನವಾಗಿ ಅವನ ಕೈಗೇ ಕೊಟ್ಟಳು.

“ನಮ್ಮನೇಗೆ ಬ್ಯಾಡಪ್ಪ” ಎಂದಳು. “ಮುಂದಕ್ಕೆ ಹೋಗು.”